ಅಡಿಗಲ್ಲಿಗೆ ಮುಂಚಿನ ಕೆಲಸ

ಸಿಗಂದೂರಿನ ಸೇತುವೆ ಸಂಚಾರಕ್ಕೆ ತೆರೆದುಕೊಂಡ ಮೇಲೆ ಬಲ, ಎಳೆತ, ಒತ್ತಡಗಳ ಪಾಠ ಮಾಡುವುದು ನನಗೆ ಸುಲಭವಾಗಿದೆ. ಮೊದಲಾದರೆ ಬಾವಿಯ ಹಗ್ಗ, ರಾಟೆ ಎಂದು ಏನೇನೋ ಹೇಳಬೇಕಿತ್ತು. ಈಗ ಕಪ್ಪುಹಲಗೆಯ ಮೇಲೆ ಒಂದು ಕಂಬ ನಿಲ್ಲಿಸಿ, ಅದರ ಎರಡೂ ಕಡೆಗೆ ಓರೆಯಾಗಿ ಗೆರೆ ಎಳೆದರೆ ಸಾಕು, ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಾರೆ. ಹಾಗೆ ಗೆರೆ ಎಳೆಯುತ್ತಿದ್ದ ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಇಷ್ಟು ದೊಡ್ಡ ಕೆಲಸ ಇಂಥವರೇ ಮಾಡಬೇಕು ಅಂತ ಹೇಗೆ ತೀರ್ಮಾನ ಮಾಡ್ತಾರೆ?"

"ಟೆಂಡರ್ ಕರೀತಾರಮ್ಮ" ಎಂದೆ.

"ಅಂದ್ರೆ, ಯಾರು ಕಡಿಮೆ ದುಡ್ಡಿಗೆ ಮಾಡ್ತಾರೋ ಅವರಿಗೆ ಕೊಡೋದು. ಅಷ್ಟೇನಾ ಸರ್?"

ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಬಚಾವಾದೆ. ಆದರೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆ "ಅಷ್ಟೇನಾ" ಕಾಡಿತು. ಈ ವಾರ ಅವಳಿಗೆ ಉತ್ತರ ಬರೆಯುತ್ತಿದ್ದೇನೆ. ಪಾಲಕರೂ ಓದಿದರೆ ನಷ್ಟವಿಲ್ಲ.

ಹೊರಗಿನ ಓದುಗರಿಗಾಗಿ ಎರಡು ಮಾತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಹರಡಿಕೊಂಡಾಗ ತುಮರಿ ಭಾಗದ ಹಳ್ಳಿಗಳು ಸಾಗರ ಪೇಟೆಯಿಂದ ಕಡಿದುಹೋದವು. ನಾಡಿಗೆ ಬೆಳಕು ಕೊಟ್ಟವರಿಗೆ ಉಳಿದದ್ದು ಹೊಳೆಬಾಗಿಲಿನ ಲಾಂಚು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಆ ರಾತ್ರಿ ಅಲ್ಲೇ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುವುದೂ ಕಷ್ಟ. ಹೆರಿಗೆ ನೋವು ಬಂದವರು, ಹಾವು ಕಚ್ಚಿಸಿಕೊಂಡವರು ದಡದಲ್ಲಿ ಕಾದ ಕಥೆಗಳು ಆ ಕಡೆಯ ಮನೆಮನೆಯಲ್ಲೂ ಇವೆ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆಗೆ 2018ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿತ್ತು. ಕೆಲಸ ಹಿಡಿದದ್ದು 2019ರ ಕೊನೆಗೆ, ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅಡಿಗಲ್ಲಿನ ದಿನ ಒಂದನೇ ತರಗತಿಯಲ್ಲಿದ್ದ ಮಗು ಸೇತುವೆ ದಾಟುವ ಹೊತ್ತಿಗೆ ಹೈಸ್ಕೂಲು ಸೇರಿತ್ತು.

ಈ ಏಳು ವರ್ಷದಲ್ಲಿ ಕೊರೊನಾ ಬಂದು ಹೋಯಿತು ಎಂಬುದನ್ನು ಮರೆಯಬಾರದು. ಹಿನ್ನೀರಿನಲ್ಲಿ ಕಂಬ ಎಬ್ಬಿಸುವುದೂ ಗದ್ದೆಯಲ್ಲಿ ಕಂಬ ನೆಟ್ಟಂತಲ್ಲ. ಜಲಾಶಯ ತುಂಬಿದಾಗ 1819 ಅಡಿ. ಮಳೆಗಾಲಕ್ಕೆ ಏರುವ ನೀರು ಬೇಸಿಗೆಗೆ ಇಳಿಯುತ್ತದೆ. ಯಾವ ತಿಂಗಳಲ್ಲಿ ಎಲ್ಲಿ ಎಷ್ಟು ನೀರು, ಕೆಳಗೆ ಬಂಡೆಯೋ ಕೆಸರೋ, ಇವೆಲ್ಲ ಕಾಗದದ ಮೇಲೆ ಮೊದಲೇ ಬರಬೇಕು. ಜನ ನೋಡುವುದು ಕಂಬ ಏಳುವುದನ್ನು. ಕೆಲಸ ಕೆಡುವುದೂ ನೆಟ್ಟಗಾಗುವುದೂ ಬಹುಪಾಲು ಕಂಬ ಏಳುವುದಕ್ಕೆ ಮುಂಚೆಯೇ.

ಇದಕ್ಕೊಂದು ಜಗತ್ಪ್ರಸಿದ್ಧ ಉದಾಹರಣೆ ಇದೆ. ಆಸ್ಟ್ರೇಲಿಯಾದ ಸಿಡ್ನಿ ಒಪೇರಾ ಹೌಸ್ ಚಿತ್ರವನ್ನು ನೀವೆಲ್ಲ ಕ್ಯಾಲೆಂಡರಿನಲ್ಲಿ ನೋಡಿದ್ದೀರಿ, ಹಾಯಿಗಳಂಥ ಬಿಳಿ ಚಾವಣಿ. ಆ ಚಾವಣಿಯನ್ನು ಹೇಗೆ ನಿಲ್ಲಿಸುವುದು ಎಂಬ ಲೆಕ್ಕ ಮುಗಿಯುವ ಮೊದಲೇ ಸರ್ಕಾರ ಅವಸರ ಮಾಡಿ 1959ರಲ್ಲಿ ಅಡಿಪಾಯದ ಕೆಲಸ ಹಿಡಿಸಿತು. ಲೆಕ್ಕ ಮುಗಿದಾಗ, ಮೊದಲು ಕಟ್ಟಿದ ಕಂಬಗಳಿಗೆ ಆ ಭಾರ ಹೊರುವ ಶಕ್ತಿ ಇಲ್ಲವೆಂದು ತಿಳಿದು ಮತ್ತೆ ಕಟ್ಟಬೇಕಾಯಿತು. 1963ಕ್ಕೆ ಮುಗಿಯಬೇಕಿದ್ದದ್ದು 1973ಕ್ಕೆ ಮುಗಿಯಿತು. 70 ಲಕ್ಷ ಡಾಲರಿನ ಅಂದಾಜು 10 ಕೋಟಿ 20 ಲಕ್ಷ ಡಾಲರಿಗೆ ಹೋಗಿ ನಿಂತಿತು. ಬುದ್ಧಿವಂತರ ದೇಶದಲ್ಲೂ ಹೀಗೆ!

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಸೇತುವೆಯದು ಕೇಂದ್ರದ ಹೆದ್ದಾರಿ ಕೆಲಸ. ನಮ್ಮ ಶಾಲೆ, ಊರ ರಸ್ತೆ, ಕೆರೆ ಏರಿಗಳಿಗೆ ರಾಜ್ಯದ ಕಾಯಿದೆ ಇದೆ: ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಹೆಸರು ನಾಲಿಗೆಗೆ ತೊಡಕು, ಸಾರ ಸರಳ. ಸರ್ಕಾರದ ದುಡ್ಡಿನ ಕೆಲಸವನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಬೇಕು. ಅರ್ಜಿ ಹಾಕಲು ಸಾಕಷ್ಟು ದಿನ ಕೊಡಬೇಕು. 2000ದ ಮೂಲ ನಿಯಮದಲ್ಲಿ 2 ಕೋಟಿ ರೂಪಾಯಿವರೆಗಿನ ಕೆಲಸಕ್ಕೆ 30 ದಿನ, ಅದಕ್ಕೆ ಮೇಲ್ಪಟ್ಟರೆ 60 ದಿನ ಎಂದಿತ್ತು. ಯಾವ ಅಳತೆಗೋಲಿನಿಂದ ಆರಿಸುತ್ತೇವೆಂಬುದನ್ನು ಮೊದಲೇ ಹೇಳಿ, ಅದೇ ಕೋಲಿನಿಂದ ಎಲ್ಲರನ್ನೂ ಅಳೆಯಬೇಕು. ಒಪ್ಪದ ಟೆಂಡರುದಾರ ಮೇಲ್ಮನವಿ ಹಾಕಬಹುದು. ಪರೀಕ್ಷೆಯ ನಡುವೆ ಪ್ರಶ್ನೆಪತ್ರಿಕೆ ಬದಲಾಯಿಸಬಾರದು ಎಂದರೆ ನಿಮಗೆ ಬೇಗ ಅರ್ಥವಾದೀತು.

ಸ್ವಲ್ಪ ದೊಡ್ಡ ಕೆಲಸವಾದರೆ ಎರಡು ಲಕೋಟೆ. ಈಗ ಕಂಪ್ಯೂಟರಿನಲ್ಲೇ ಸಲ್ಲಿಸಿದರೂ ಹೆಸರು ಲಕೋಟೆಯದೇ. ಮೊದಲನೆಯದರಲ್ಲಿ ಗುತ್ತಿಗೆದಾರನ ಅನುಭವ, ಯಂತ್ರ, ಎಂಜಿನಿಯರುಗಳು, ಹಿಂದೆ ಮುಗಿಸಿದ ಕೆಲಸಗಳು. ಎರಡನೆಯದರಲ್ಲಿ ದರ. ಮೊದಲ ಲಕೋಟೆಯಲ್ಲಿ ಪಾಸಾದವರ ಎರಡನೆಯದನ್ನು ಮಾತ್ರ ಒಡೆಯುತ್ತಾರೆ. ಆದ್ದರಿಂದ ಮಗೂ, "ಕಡಿಮೆ ದುಡ್ಡಿಗೆ" ಎಂಬುದು ಅರ್ಧ ಉತ್ತರ. ಮಾಡಬಲ್ಲವರಲ್ಲಿ ಕಡಿಮೆ ದುಡ್ಡಿಗೆ ಎಂಬುದು ಪೂರ್ತಿ ಉತ್ತರ.

ಕಾಯಿದೆ ಇದ್ದ ಮೇಲೆ ಕಳ್ಳದಾರಿ ಇಲ್ಲವೆಂದಲ್ಲ. ಒಂದೇ ಕೆಲಸವನ್ನು ಟೆಂಡರಿನ ಮಿತಿಗೆ ಸಿಗದಂತೆ ತುಂಡು ತುಂಡು ಮಾಡುವುದುಂಟು. ಬೇಕಾದವನೊಬ್ಬನೇ ಪಾಸಾಗುವಂತೆ ಮೊದಲ ಲಕೋಟೆಯ ಷರತ್ತು ಹೊಲಿಯುವುದುಂಟು, ದರ್ಜಿ ಅಳತೆ ತೆಗೆದ ಹಾಗೆ. ಇನ್ನು ಇಲಾಖೆಯ ಅಂದಾಜಿಗಿಂತ ಯಾರಾದರೂ ತೀರಾ ಕಡಿಮೆಗೆ ಒಪ್ಪಿಕೊಂಡರೆ ಊರವರು "ಸರ್ಕಾರಕ್ಕೆ ಉಳಿತಾಯವಾಯಿತು" ಎಂದು ಸಂತೋಷಪಡುತ್ತಾರೆ. ನನಗೆ ಅಲ್ಲಿ ಭಯ. ಅಂದಾಜು ಉಬ್ಬಿರಬೇಕು, ಇಲ್ಲವೇ ಕಾಂಕ್ರೀಟು ತೆಳ್ಳಗಾಗಬೇಕು. ಇದಕ್ಕಾಗಿಯೇ ಕೆಲವು ಟೆಂಡರುಗಳಲ್ಲಿ ತೀರಾ ಕಡಿಮೆ ದರ ಹಾಕಿದವರಿಂದ ಹೆಚ್ಚುವರಿ ಠೇವಣಿ ಕೇಳುತ್ತಾರೆ.

ಇಷ್ಟೆಲ್ಲ ಉಪದೇಶ ಮಾಡುವ ನಾನು ಎಡವಿದ ಕಥೆಯನ್ನೂ ಹೇಳಬೇಕು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಒಂದು ಹೈಸ್ಕೂಲಿನಲ್ಲಿ ಪ್ರಭಾರ ಮುಖ್ಯೋಪಾಧ್ಯಾಯನಾಗಿದ್ದೆ. ನಮಗೊಂದು ಪ್ರಯೋಗಶಾಲೆಯ ಕೊಠಡಿ ಮಂಜೂರಾಯಿತು. ಕೆಲಸದ ಆದೇಶ ಬಂದದ್ದು ಜನವರಿಯಲ್ಲಿ. ಮಾರ್ಚ್ 31ರೊಳಗೆ ಬಿಲ್ಲಾಗದಿದ್ದರೆ ಹಣ ವಾಪಸು. ಮಲೆನಾಡಿನಲ್ಲಿ ಕಟ್ಟಡಕ್ಕೆ ಸಿಗುವುದೇ ನವೆಂಬರಿನಿಂದ ಮೇ ತಿಂಗಳವರೆಗಿನ ಒಣ ಕಾಲ. ಅದರ ಮೊದಲ ಭಾಗವನ್ನು ಕಾಗದ ತಿಂದಿತು, ಉಳಿದದ್ದನ್ನು ಅವಸರ ತಿಂದಿತು. ಮಾರ್ಚ್ ಮೂರನೇ ವಾರ ತಾರಸಿ ಹಾಕಿದರು. ಶಾಲೆಯ ಬಾವಿ ತಳ ಕಂಡಿತ್ತು. ಎರಡು ದಿನ ನೀರು ಹಾಯಿಸಿದರು, ಮೂರನೇ ದಿನ ಪೈಪು ಸುತ್ತಿಟ್ಟರು. ತಿಂಗಳ ಕೊನೆಗೆ ಗುತ್ತಿಗೆದಾರರು ಹಸ್ತಾಂತರದ ಕಾಗದ ಹಿಡಿದು ಬಂದರು. "ಸಹಿ ಒಂದು ಬೇಕಿತ್ತು ಮೇಷ್ಟ್ರೇ, ಇಲ್ದಿದ್ರೆ ನಿಮ್ ಶಾಲೆ ದುಡ್ಡೇ ಹೋಗುತ್ತೆ ಮಾರಾಯ್ರೇ." ಹಾಕಿದೆ. ಟೇಪು ಹಿಡಿಯಲಿಲ್ಲ, ಕಡತ ತೆಗೆದು ನೋಡಲಿಲ್ಲ.

ಜೂನಿನಲ್ಲಿ ತಾರಸಿ ಸೋರಿತು. ತಕ್ಕಡಿಗಳಿಗೆ ತುಕ್ಕು, ಮಸೂರಗಳಿಗೆ ಬೂಸ್ಟು. ಆ ವರ್ಷದ ಮಕ್ಕಳು ಪ್ರಯೋಗಗಳನ್ನು ನನ್ನ ಕೈಚಿತ್ರದಲ್ಲೇ ನೋಡಿದರು. "ಮುಂದಿನ ಮಳೆಗಾಲಕ್ಕೆ ನೋಡೋಣ" ಎಂದು ಕಾದೆ. ಕೊನೆಗೊಂದು ದಿನ ಕರಾರಿನ ಪ್ರತಿ ಹುಡುಕಿ ಓದಿದರೆ ಅದರಲ್ಲಿ ಎಲ್ಲವೂ ಇತ್ತು. ಇಷ್ಟು ದಿನ ನೀರುಣಿಸಬೇಕು, ಕಾಂಕ್ರೀಟಿನ ಪರೀಕ್ಷೆ ಆಗಬೇಕು, ಮುಗಿದ ಮೇಲೆ ಒಂದು ವರ್ಷದೊಳಗೆ ದೋಷ ಕಂಡರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಮಾಡಬೇಕು, ಅಲ್ಲಿಯವರೆಗೆ ಅವರ ಠೇವಣಿ ಇಲಾಖೆಯಲ್ಲೇ ಇರಬೇಕು. ನಾನು ದೂರು ಬರೆದದ್ದು ಹದಿನಾಲ್ಕನೇ ತಿಂಗಳು. ಠೇವಣಿ ಹಿಂದಿರುಗಿ ಎರಡು ತಿಂಗಳಾಗಿತ್ತು. ಗುತ್ತಿಗೆದಾರರನ್ನು ಬೈದುಕೊಂಡು ಬಹಳ ದಿನ ತಿರುಗಿದೆ. ಆದರೆ ಆ ಕಾಗದದ ಮೇಲಿನ ಸಹಿ ನನ್ನದೇ.

ಆ ನೀರಿನ ವಿಷಯ ವಿದ್ಯಾರ್ಥಿಗಳು ತಿಳಿಯಬೇಕಾದ್ದು. ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಕನಿಷ್ಠ ಏಳು ದಿನ, ಬೂದಿ ಮುಂತಾದವು ಬೆರೆತ ಸಿಮೆಂಟಾದರೆ ಹತ್ತು ದಿನ, ಅದರ ಮೈ ಒದ್ದೆಯಾಗಿರಬೇಕು. ತಮಾಷೆಯೆಂದರೆ ಕಲಸುವಾಗ ನೀರು ಹೆಚ್ಚಾದರೆ ಬಲ ಕುಗ್ಗುತ್ತದೆ, ಹಾಕಿದ ಮೇಲೆ ನೀರು ಕಡಿಮೆಯಾದರೂ ಬಲ ಕುಗ್ಗುತ್ತದೆ. ನಮ್ಮಲ್ಲಿ ಅನೇಕ ಕಡೆ ಎರಡನ್ನೂ ತಿರುಗಾಮುರುಗಾ ಮಾಡುತ್ತಾರೆ.

ಅಂದಾಜುಪಟ್ಟಿಯಲ್ಲಿ "ಎಂ-20" ಎಂದು ಬರೆದಿರುತ್ತಾರೆ. 15 ಸೆಂಟಿಮೀಟರ್ ಬದಿಯ ಕಾಂಕ್ರೀಟ್ ಘನ 28 ದಿನಗಳ ನಂತರ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಾಳಬೇಕು ಎಂದು ಅರ್ಥ. ಲೆಕ್ಕ ಮಾಡಿ: 150ನ್ನು 150ರಿಂದ ಗುಣಿಸಿದರೆ 22,500 ಚದರ ಮಿಲಿಮೀಟರ್. ಅದನ್ನು 20ರಿಂದ ಗುಣಿಸಿದರೆ 4,50,000 ನ್ಯೂಟನ್, ಹತ್ತಿರ ಹತ್ತಿರ 46 ಟನ್ ಭಾರ. ಹತ್ತು ಟನ್ನಿನ ನಾಲ್ಕು ಲಾರಿಗಳನ್ನು ಆ ಪುಟ್ಟ ಘನದ ಮೇಲೆ ಪೇರಿಸಿದರೂ ಅದು ಒಡೆಯಬಾರದು. ಕಾಂಕ್ರೀಟು ಹಾಕುವ ದಿನವೇ ಅಂಥ ಘನಗಳನ್ನು ಎರಕ ಹೊಯ್ದು ಪರೀಕ್ಷೆಗೆ ಕಳಿಸಬೇಕು. ಅದರ ವರದಿ ಎಲ್ಲಿ ಎಂದು ಕೇಳುವುದಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ.

ಕೇಳಬಹುದೇ ಎಂಬ ಅಳುಕು ನಮ್ಮ ಪಾಲಕರಲ್ಲಿದೆ. 2005ರ ಮಾಹಿತಿ ಹಕ್ಕು ಕಾಯಿದೆಯನ್ನು ಬರೀ ಕಾಗದ ಕೇಳುವ ಕಾಯಿದೆ ಎಂದುಕೊಂಡವರೇ ಹೆಚ್ಚು. ಅದರಲ್ಲಿ ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವ ಹಕ್ಕಿದೆ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಅರ್ಜಿಗೆ ಹತ್ತು ರೂಪಾಯಿ, ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಶಾಲೆಯ ಮಟ್ಟದಲ್ಲಂತೂ ಅರ್ಜಿಯ ತನಕ ಹೋಗುವುದೇ ಬೇಡ. ಎಸ್‌ಡಿಎಂಸಿಯಲ್ಲಿ ಕೂತವರು ಪಾಲಕರೇ. ಅಂದಾಜುಪಟ್ಟಿಯ ಒಂದು ಜೆರಾಕ್ಸ್ ಶಾಲೆಯಲ್ಲಿರಲಿ ಎಂದು ಕೆಲಸ ಹಿಡಿಯುವ ಮೊದಲೇ ಹೇಳಿದರೆ ಆಯಿತು. ಮುಗಿದ ಮೇಲೆ ಕೇಳಿದರೆ ಅದು ಜಗಳ, ಮೊದಲೇ ಕೇಳಿದರೆ ವಿಚಾರಣೆ.

ಒಳ್ಳೆಯ ಕೆಲಸ ನಮ್ಮ ಕಡೆ ಆಗಿಲ್ಲವೆಂದು ಯಾರೂ ಹೇಳಲಾರರು. ಲಿಂಗನಮಕ್ಕಿಗಿಂತ ಮೊದಲಿನ ಹಿರೇಭಾಸ್ಕರ ಅಣೆಕಟ್ಟು, ನಮ್ಮವರು ಮಡೆನೂರು ಡ್ಯಾಮು ಎನ್ನುವುದು, ವರ್ಷಗಟ್ಟಲೆ ನೀರಿನಲ್ಲಿ ಮುಳುಗಿದ್ದು, ಕಡು ಬೇಸಿಗೆಯಲ್ಲಿ ನೀರು ತೀರಾ ತಗ್ಗಿದಾಗ ತಲೆ ಎತ್ತುತ್ತದೆ. ಹೋಗಿ ಅದರ ಕಲ್ಲುಗಳ ಸಂದು ನೋಡಿ ಬನ್ನಿ.

ಉತ್ತರವನ್ನು ಇಲ್ಲಿಗೆ ಮುಗಿಸಬೇಕೆಂದಿದ್ದೆ. ಅಷ್ಟರಲ್ಲಿ ಮೊನ್ನೆ ಆ ಹುಡುಗಿಯ ಅಪ್ಪ ಮನೆಗೆ ಬಂದರು. ಅವರ ಊರಿನ ಪ್ರಾಥಮಿಕ ಶಾಲೆಗೆ ಎರಡು ಕೊಠಡಿ ಬಂದಿವೆಯಂತೆ, ಅವರೇ ಎಸ್‌ಡಿಎಂಸಿ ಅಧ್ಯಕ್ಷರು. ಮಗಳ ಒತ್ತಾಯಕ್ಕೆ ಅಂದಾಜುಪಟ್ಟಿ ತಂದಿದ್ದರು. ಇಬ್ಬರೂ ಕೂತು ಸಾಲು ಸಾಲು ಓದಿದೆವು. ಅವರ ಬೆರಳು ಬುನಾದಿಯ ಸಾಲಿನ ಮೇಲೆ ನಿಂತಿತು.

"ಮೇಷ್ಟ್ರೇ, ಇದರಲ್ಲಿ ಮೂರು ಅಡಿ ಅಂತ ಇದೆ. ಆ ಜಾಗ ಮೊದಲು ಗದ್ದೆ ಆಗಿತ್ತು ಮಾರಾಯ್ರೇ. ಜಂಬಿಟ್ಟಿಗೆ ಸಿಗೋಕೆ ಐದಡಿ ಆದ್ರೂ ಹೋಗಬೇಕು. ಇವರು ಗುಂಡಿ ತೆಗೆಸಿ ನೋಡಿದಾರೋ, ಮೇಜಿನ ಮೇಲೇ ಬರೆದಾರೋ?"

ನನಗೆ ಗೊತ್ತಿರಲಿಲ್ಲ. ಎಂಜಿನಿಯರರಿಗೆ ಕೊಡಲು ಎರಡು ಸಾಲಿನ ಪತ್ರ ಬರೆದೆವು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ ಎಂದೆ. ಭಾನುವಾರ ಗುದ್ದಲಿ ಹಿಡಿದು ಒಂದು ಗುಂಡಿ ತೆಗೆದು ನೋಡುವುದೆಂದಾಯಿತು. ಟೇಪು ನಾನು ತರುತ್ತೇನೆ ಎಂದಿದ್ದೇನೆ.