ಮಟ್ಟ ಅದೇ, ನೀರೆಲ್ಲಿ?

ಸವಣೂರಿನ ಸಂತೆಯಲ್ಲಿ ಒಬ್ಬ ಬಡ ವ್ಯಾಪಾರಿ ಸೇರಿನ ತಳಕ್ಕೆ ಮೇಣ ಮೆತ್ತಿ ಕಾಳು ಅಳೆದರೆ ಅಧಿಕಾರಿಗಳು ಅವನನ್ನು ಬಿಡುವರೇ? ಸೇರು ಜಪ್ತು, ಮೇಲೆ ದಂಡ. ತುಂಗಭದ್ರಾ ಜಲಾಶಯದ ತಳಕ್ಕೆ ಹೂಳು ಮೆತ್ತಿ ಕುಳಿತಿದೆ. ಅಲ್ಲಿ ದಂಡ ಕಟ್ಟುವವರು ಯಾರು? 1953ರಲ್ಲಿ ನೀರು ನಿಂತಾಗ 1633 ಅಡಿ ಎಂದರೆ ಸುಮಾರು 133 ಟಿಎಂಸಿ. ಇಂದು ಅದೇ 1633 ಅಡಿಗೆ ಸುಮಾರು 105. ಅಂದೂ "ಜಲಾಶಯ ಭರ್ತಿ", ಇಂದೂ "ಜಲಾಶಯ ಭರ್ತಿ"! ಮಂತ್ರಿಗಳು ಬಂದು ಬಾಗಿನ ಬಿಟ್ಟು ಹೋಗುತ್ತಾರೆ.

ಹೊಸಪೇಟೆಯ ಅಣೆಕಟ್ಟಿನ ಗೊಡವೆ ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರಿನವರಿಗೆ ಏಕೆ ಎಂದು ಕೇಳುವವರಿದ್ದಾರೆ. ಹಾನಗಲ್ಲು ಸೀಮೆಯಲ್ಲಿ ಹರಿದ ವರದೆ ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡಿ ಆ ಜಲಾಶಯಕ್ಕೇ ಹೋಗುತ್ತಾಳೆ. ಅದಿರಲಿ. ಬಳ್ಳಾರಿ, ರಾಯಚೂರು ಕಡೆ ಬೆಳೆದ ಮೆಣಸಿನಕಾಯಿ ನಮ್ಮ ಬ್ಯಾಡಗಿ ಪೇಟೆಗೆ ಬರುವುದಿಲ್ಲವೇ? ಚೀಲ ಬಂದರೆ ಹಮಾಲನಿಗೆ ಕೂಲಿ, ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕೂಲಿ, ಖಾರ ಕುಟ್ಟುವ ಗಿರಣಿಗೆ ಕೆಲಸ. ಬಾರದಿದ್ದರೆ ಮೂಲೆಯ ಚಹಾದಂಗಡಿಯವನೂ ಸಂಜೆಗೆ ಮುಂಚೆ ಒಲೆ ಆರಿಸುತ್ತಾನೆ.

2024ರ ಆಗಸ್ಟ್ 10ರ ರಾತ್ರಿ, ತುಂಬಿದ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ಎಪ್ಪತ್ತು ವರ್ಷ ನೀರಿನ ಭಾರ ಹೊತ್ತ ಗೇಟು ಅದು. 30 ಟಿಎಂಸಿಗೂ ಮಿಕ್ಕಿ ನೀರು ನದಿಯ ಪಾಲಾಯಿತು. ಹರಿಯುವ ನೀರಿಗೇ ಉಕ್ಕಿನ ಹಲಗೆ ಇಳಿಸಿ ವಾರದೊಳಗೆ ಅದನ್ನು ತಡೆದವರು ಎಂಜಿನಿಯರ ಕನ್ನಯ್ಯ ನಾಯ್ಡು ಅವರೂ, ಹೆಸರು ಎಲ್ಲಿಯೂ ಅಚ್ಚಾಗದ ಕೆಲಸಗಾರರೂ. ಆದರೂ ಸಂಕಟ ಅಲ್ಲಿಗೆ ಮುಗಿಯಲಿಲ್ಲ. 2025ರ ಮಳೆಗಾಲದಲ್ಲಿ ಭಯದಿಂದ ಸುಮಾರು 80 ಟಿಎಂಸಿಗೇ ನೀರು ನಿಲ್ಲಿಸಿದರು. ಗೇಟು ಬದಲಿಸುವ ಸಲುವಾಗಿ ಎರಡನೆಯ ಬೆಳೆಗೆ ನೀರು ತಪ್ಪಿಸಿದರು. ಗೇಟಿನ ಬೆಲೆಯನ್ನು ತೆತ್ತವರು ರೈತರು, ಅವರ ಬೆನ್ನಿಗೆ ಹಮಾಲರು.

ಅಣೆಕಟ್ಟಿನ ಬಳಿ ಉದ್ಯಾನವಿದೆ, ಸಂಗೀತಕ್ಕೆ ಕುಣಿಯುವ ಕಾರಂಜಿಯಿದೆ. ಗಿರಣಿಯ ಮಜೂರ ರಜೆಯ ದಿನ ಹೆಂಡತಿ ಮಕ್ಕಳೊಡನೆ ಹೋಗಿ ನೋಡಲಿ; ಮಾಸ್ತರನಾಗಿದ್ದಾಗ ನಾನೂ ಹುಡುಗರನ್ನು ಕರೆದೊಯ್ದಿದ್ದೆ, ಚೆಂದವೇ ಇದೆ. ಆದರೆ ಕಾರಂಜಿಯ ಒಂದು ದೀಪ ಆರಿದರೆ ನೂರು ಜನ ಗದ್ದಲ ಮಾಡುತ್ತಾರೆ, ಸರಪಳಿಯ ತುಕ್ಕನ್ನು ನೋಡಲು ಟಿಕೀಟು ಕೊಳ್ಳುವವರಿಲ್ಲ.

ಹೂಳಿಗೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಮಾತು ಹೇಗೂ ನಡೆಯಲಿ. ಅಷ್ಟರಲ್ಲಿ ತುಂಗಭದ್ರಾ ಮಂಡಳಿಯವರು ಪ್ರತಿ ಗೇಟಿನ ಸರಪಳಿಯನ್ನು ಯಾವ ದಿನ, ಯಾರು ಪರೀಕ್ಷೆ ಮಾಡಿದರೆಂಬುದನ್ನು ಕನ್ನಡದಲ್ಲಿ ಬರೆದು ಬ್ಯಾಡಗಿ ಪೇಟೆಯ ಫಲಕಕ್ಕೆ ಹಚ್ಚಲಿ. ನಮ್ಮ ಹಮಾಲರಲ್ಲಿ ಓದಬಲ್ಲವರಿದ್ದಾರೆ.