ಕೆಲ್ಟರ ನಾಡಿನಲ್ಲೊಂದು ಸುತ್ತು

ಬೇಸಿಗೆಯ ತಿಂಗಳುಗಳಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಡಬ್ಲಿನ್ ನಗರದ ಹೋಟೆಲುಗಳ ಮುಂದೆ ಉದ್ದನೆಯ ಬಸ್ಸುಗಳು ಬಂದು ನಿಲ್ಲುತ್ತವೆ. ಅಲ್ಲಿಯವರು ಇವನ್ನು ಬಸ್ಸು ಎನ್ನುವುದಿಲ್ಲ, ಕೋಚ್ ಎನ್ನುತ್ತಾರೆ. ಅಗಲವಾದ ಗಾಜಿನ ಕಿಟಕಿ, ಮೈಕು ಹಿಡಿದ ಗೈಡ್, ಎರಡು ಗಂಟೆಗೊಮ್ಮೆ ಚಹಾಕ್ಕೆ ನಿಲುಗಡೆ. ಹತ್ತು ಹನ್ನೆರಡು ದಿನಗಳಲ್ಲಿ ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಸುತ್ತಿಸಿ 'ಕೆಲ್ಟಿಕ್ ಪರಂಪರೆ'ಯನ್ನು ತೋರಿಸುತ್ತೇವೆ ಎಂಬುದು ಈ ಪ್ರವಾಸಗಳ ಭರವಸೆ.

ಕೆಲ್ಟರು ಎಂದರೆ ಯಾರು? ಕ್ರಿಸ್ತಪೂರ್ವ ಕಾಲದಲ್ಲಿ ಯುರೋಪಿನ ಬಹುಭಾಗದಲ್ಲಿ ಹರಡಿದ್ದ ಜನ. ಜೂಲಿಯಸ್ ಸೀಸರ್ ಕಾದಾಡಿದ ಗಾಲ್ ಜನರೂ ಇವರ ಬಳಗದವರೇ. ಆದರೆ ಇಂದು ಈ ಹೆಸರು ಉಳಿದಿರುವುದು ಮುಖ್ಯವಾಗಿ ಭಾಷೆಗಳಿಗೆ. ಐರಿಷ್, ಸ್ಕಾಟ್ಲೆಂಡಿನ ಗೇಲಿಕ್, ಮ್ಯಾನ್ ದ್ವೀಪದ ಮ್ಯಾಂಕ್ಸ್ ಒಂದು ಕವಲು. ವೇಲ್ಸ್‌ನ ವೆಲ್ಷ್, ಕಾರ್ನ್‌ವಾಲಿನ ಕಾರ್ನಿಷ್, ಫ್ರಾನ್ಸಿನ ಬ್ರಿಟನಿ ಪ್ರಾಂತದ ಬ್ರೆಟನ್ ಇನ್ನೊಂದು ಕವಲು. ಒಟ್ಟು ಆರು. ಈ ಭಾಷೆಗಳನ್ನು ಆಡುವ, ಇಲ್ಲವೇ ಒಂದು ಕಾಲಕ್ಕೆ ಆಡುತ್ತಿದ್ದ ಸೀಮೆಯೇ ಕೆಲ್ಟಿಕ್ ನಾಡು. ಇದನ್ನು ನೆನಪಿಟ್ಟುಕೊಂಡು ಬಸ್ಸು ಹತ್ತಿದರೆ ಒಳ್ಳೆಯದು. ಏಕೆಂದರೆ ಗೈಡ್ ತೋರಿಸುವುದರಲ್ಲಿ ಅರ್ಧದಷ್ಟು ಕೆಲ್ಟರದ್ದೇ ಅಲ್ಲ!

ಮೊದಲ ದಿನದ ನ್ಯೂಗ್ರೇಂಜ್‌ ಇದಕ್ಕೊಂದು ಉದಾಹರಣೆ. ಬಾಯ್ನ್ ನದಿಯ ಬಳಿಯಿರುವ ಈ ಭಾರಿ ಸಮಾಧಿ ದಿಬ್ಬವನ್ನು ಕಟ್ಟಿದ್ದು ಕ್ರಿ.ಪೂ. 3200ರ ಸುಮಾರಿಗೆ. ವರ್ಷದ ಅತಿ ಚಿಕ್ಕ ಹಗಲಿನ ಮುಂಜಾನೆ, ಬಾಗಿಲ ಮೇಲಿನ ಸಣ್ಣ ಕಿಂಡಿಯಿಂದ ಸೂರ್ಯನ ಕಿರಣ ನುಗ್ಗಿ ಒಳಗಿನ ಕೋಣೆಯನ್ನು ಬೆಳಗುತ್ತದೆ. ಆ ದಿನ ಒಳಗೆ ನಿಲ್ಲುವ ಭಾಗ್ಯ ಯಾರದೆಂದು ಲಾಟರಿ ಎತ್ತಿ ತೀರ್ಮಾನಿಸುತ್ತಾರೆ. ನೋಡಲೇಬೇಕಾದ ಜಾಗ, ಅನುಮಾನವಿಲ್ಲ. ಆದರೆ ಇದನ್ನು ಕಟ್ಟಿದವರು ಕೆಲ್ಟಿಕ್ ಭಾಷೆ ಆ ದ್ವೀಪಕ್ಕೆ ಬರುವುದಕ್ಕೆ ಎಷ್ಟೋ ಮೊದಲೇ ಇದ್ದವರು. ಅಲ್ಲಿಯ ಕಲ್ಲಿನ ಮೇಲಿನ ಮೂರು ಸುರುಳಿಯ ಚಿತ್ತಾರವೇ ಅಂಗಡಿಗಳಲ್ಲಿ 'ಕೆಲ್ಟಿಕ್ ಪದಕ'ವಾಗಿ ಮಾರಾಟವಾಗುತ್ತದೆ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿರುವ 'ಬುಕ್ ಆಫ್ ಕೆಲ್ಸ್' ಕ್ರಿ.ಶ. 800ರ ಸುಮಾರಿನದು. ಕರುವಿನ ಚರ್ಮದ 680 ಪುಟಗಳು, ಕಣ್ಣು ಕೋರೈಸುವ ಚಿತ್ರಗಳು. ಅದರ ಭಾಷೆ ಮಾತ್ರ ಲ್ಯಾಟಿನ್.

ಹಾಗಾದರೆ ನಿಜವಾದ ಕೆಲ್ಟಿಕ್ ಆಸ್ತಿ ಎಲ್ಲಿದೆ? ಬಸ್ಸಿನ ಕಿಟಕಿಯಾಚೆ ನೋಡಿದರೆ ಸಾಕು. ರಸ್ತೆಯ ಫಲಕಗಳಲ್ಲಿ ಮೇಲೆ ಓರೆ ಅಕ್ಷರಗಳಲ್ಲಿ ಐರಿಷ್, ಕೆಳಗೆ ಇಂಗ್ಲಿಷ್. ಡಬ್ಲಿನ್ ಎಂಬ ಹೆಸರೇ ಐರಿಷ್ ಮಾತು, 'ಕಪ್ಪು ಕೊಳ' ಎಂದು ಅರ್ಥ. ಪಡುವಣ ಕರಾವಳಿಯತ್ತ ಸಾಗಿದಂತೆ ಒಂದು ಹಂತದಲ್ಲಿ ಫಲಕಗಳಿಂದ ಇಂಗ್ಲಿಷ್ ಮಾಯವಾಗುತ್ತದೆ. ಆಗ ಬಸ್ಸು ಐರಿಷ್ ಆಡುವವರ ಸೀಮೆಯಾದ ಗೇಲ್ಟಾಕ್ಟ್ ಪ್ರವೇಶಿಸಿತೆಂದು ತಿಳಿಯಬೇಕು. ಇಲ್ಲಿಯ ಡಿಂಗಲ್ ಪಟ್ಟಣದಲ್ಲಿ ಒಂದು ದೊಡ್ಡ ರಂಪವೇ ಆಯಿತು. 2005ರಲ್ಲಿ ಸರ್ಕಾರ ಊರಿನ ಇಂಗ್ಲಿಷ್ ಹೆಸರಿನ ಅಧಿಕೃತ ಮಾನ್ಯತೆ ತೆಗೆದುಹಾಕಿ ಐರಿಷ್ ಹೆಸರನ್ನಷ್ಟೇ ಉಳಿಸಿತು. ಪ್ರವಾಸಿಗರನ್ನೇ ನೆಚ್ಚಿಕೊಂಡ ಊರು ಅದು. 'ನಮ್ಮ ಊರು ಹುಡುಕಿಕೊಂಡು ಬಂದವರು ದಾರಿ ತಪ್ಪಿ ಮುಂದೆ ಹೋದರೆ?' ಎಂಬ ಆತಂಕ ಹುಟ್ಟಿತು. 2006ರಲ್ಲಿ ಊರವರು ಮತ ಹಾಕಿ ಎರಡೂ ಹೆಸರು ಬೇಕೆಂದರು. 2011ರಲ್ಲಿ ಕಾನೂನು ತಿದ್ದಬೇಕಾಯಿತು. ಭಾಷೆಯ ಅಭಿಮಾನ ಒಂದು ಕಡೆ, ಹೊಟ್ಟೆಪಾಡು ಇನ್ನೊಂದು ಕಡೆ. ಐರ್ಲೆಂಡಿನ ಕಳೆದ ಇನ್ನೂರು ವರ್ಷಗಳ ಕತೆಯೇ ಇದು.

ಅದರಲ್ಲಿ ಅತಿ ನೋವಿನ ಅಧ್ಯಾಯ 19ನೇ ಶತಮಾನದ್ದು. 1831ರಿಂದ ಊರೂರಿಗೆ ಶಾಲೆಗಳು ಬಂದವು, ಪಾಠ ಇಂಗ್ಲಿಷಿನಲ್ಲಿ. ಮಗುವಿನ ಕೊರಳಿಗೆ ದಾರದಲ್ಲಿ ಒಂದು ಕೋಲು ಕಟ್ಟುವ ಪದ್ಧತಿಯಿತ್ತು. ಐರಿಷ್‌ನಲ್ಲಿ ಒಂದು ಮಾತಾಡಿದರೆ ಕೋಲಿಗೆ ಒಂದು ಗೀರು. ಕೊನೆಗೆ ಗೀರು ಎಣಿಸಿ ಅಷ್ಟು ಏಟು. ಇದನ್ನು ಮೇಷ್ಟ್ರು ಮಾತ್ರ ಮಾಡಿದ್ದರೆ ಪರರ ದಬ್ಬಾಳಿಕೆ ಎಂದು ಬಯ್ದು ಸುಮ್ಮನಾಗಬಹುದಿತ್ತು. ಆದರೆ ಮನೆಯಲ್ಲಿ ಗೀರು ಹಾಕಿದವರು ಎಷ್ಟೋ ಸಲ ತಂದೆತಾಯಿಗಳೇ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮಕ್ಕಳಿಗಾದರೂ ಬರಲಿ, ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗಿ ಬದುಕಿಕೊಳ್ಳಲಿ ಎಂಬ ಆಸೆ. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಮಹಾ ಬರಗಾಲ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಮಂದಿ ಹಡಗು ಹತ್ತಿದರು. ಹೆಚ್ಚು ಪೆಟ್ಟು ತಿಂದದ್ದು ಐರಿಷ್ ಆಡುತ್ತಿದ್ದ ಪಡುವಣದ ಬಡ ಹಳ್ಳಿಗಳು. ಅಂಥ ಹೊತ್ತಿನಲ್ಲಿ ಕೋಲಿಗೆ ಗೀರು ಹಾಕಿದ ತಾಯಿಯನ್ನು ತಪ್ಪಿತಸ್ಥಳೆನ್ನಲು ಬಾಯಿ ಬರುವುದಿಲ್ಲ.

ಐರ್ಲೆಂಡ್ ಸ್ವತಂತ್ರವಾದ ಮೇಲೆ ಶಾಲೆಗಳಲ್ಲಿ ಐರಿಷ್ ಕಡ್ಡಾಯವಾಯಿತು. ಫಲ? 2022ರ ಜನಗಣತಿಯಲ್ಲಿ 18 ಲಕ್ಷದ 70 ಸಾವಿರಕ್ಕೂ ಹೆಚ್ಚು ಮಂದಿ ತಮಗೆ ಐರಿಷ್ ಬರುತ್ತದೆಂದು ಬರೆಸಿದರು. ಶಾಲೆಯ ಹೊರಗೆ ದಿನವೂ ಅದನ್ನು ಆಡುವವರು 72 ಸಾವಿರದಷ್ಟು! ಪರೀಕ್ಷೆಗೆ ಓದಿದ ಭಾಷೆ ಅಂಕಪಟ್ಟಿಯಲ್ಲಿದೆ, ಅಡುಗೆಮನೆಗೆ ಬಂದಿಲ್ಲ.

ಡಬ್ಲಿನ್‌ನಿಂದ ಕೋಚು ಹಡಗಿನ ಹೊಟ್ಟೆಯೊಳಗೆ ಕುಳಿತು, ಮೂರು ಗಂಟೆಗೂ ಸ್ವಲ್ಪ ಹೆಚ್ಚು ಕಾಲ ಸಮುದ್ರ ದಾಟಿ, ವೇಲ್ಸ್‌ನ ಹೋಲಿಹೆಡ್ ಸೇರುತ್ತದೆ. ಪಕ್ಕದ ಆಂಗ್ಲ್‌ಸೀ ದ್ವೀಪಕ್ಕೂ ನಮ್ಮ ದೇಶಕ್ಕೂ ಒಂದು ನಂಟಿದೆ. ಇಲ್ಲಿಯ ವಿಲಿಯಂ ಜೋನ್ಸ್ ಎಂಬ ಗಣಿತಜ್ಞ 1706ರಲ್ಲಿ ವೃತ್ತದ ಲೆಕ್ಕಕ್ಕೆ 'ಪೈ' ಚಿಹ್ನೆಯನ್ನು ಮೊದಲು ಬಳಸಿದ. ಅವನ ಮಗ, ಅದೇ ಹೆಸರಿನ ಸರ್ ವಿಲಿಯಂ ಜೋನ್ಸ್, ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದು 1786ರ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದವು, ಕೆಲ್ಟಿಕ್ ಕೂಡ ಅದೇ ಬಳಗದ್ದಿರಬಹುದು ಎಂದ. ವೆಲ್ಷ್ ಮಕ್ಕಳು ಎಣಿಸುವುದನ್ನು ಕೇಳಿ: ಎರಡಕ್ಕೆ ದೈ, ಮೂರಕ್ಕೆ ತ್ರೀ, ಏಳಕ್ಕೆ ಸೈತ್, ಹತ್ತಕ್ಕೆ ದೇಗ್. ದ್ವಿ, ತ್ರಿ, ಸಪ್ತ, ದಶ ನೆನಪಾಗುವುದಿಲ್ಲವೇ?

ಇದೇ ದ್ವೀಪದ ಒಂದು ಹಳ್ಳಿಯಲ್ಲಿ ಎಲ್ಲ ಕೋಚುಗಳೂ ನಿಲ್ಲುತ್ತವೆ, ಅದರ ಹೆಸರಿನ ಫಲಕದ ಮುಂದೆ ಫೋಟೋ ತೆಗೆಸಿಕೊಳ್ಳಲಿಕ್ಕೆ. ಇಂಗ್ಲಿಷ್ ಲೆಕ್ಕದಲ್ಲಿ 58 ಅಕ್ಷರಗಳ ಹೆಸರು! 1860ರ ದಶಕದಲ್ಲಿ ರೈಲು ಪ್ರಯಾಣಿಕರನ್ನು ಸೆಳೆಯಲು ಉದ್ದ ಮಾಡಿದ್ದು. ಉಪಾಯ ಇಂದಿಗೂ ಫಲಿಸುತ್ತಿದೆ.

ಅಲ್ಲಿಂದ ದಕ್ಷಿಣಕ್ಕೆ, ಬಾಲಾ ಪಟ್ಟಣದ ಬಳಿ, ರಸ್ತೆ ಒಂದು ಸುಂದರ ಜಲಾಶಯದ ದಂಡೆಯಲ್ಲೇ ಸಾಗುತ್ತದೆ. ನೀರಿನಡಿಯಲ್ಲಿ ಕಾಪೆಲ್ ಕೆಲಿನ್ ಎಂಬ ಊರಿದೆ. ಶಾಲೆ, ಅಂಚೆ ಕಚೇರಿ, ಪ್ರಾರ್ಥನಾ ಮಂದಿರ ಎಲ್ಲವೂ ಇದ್ದ, ವೆಲ್ಷ್ ಮಾತ್ರ ಆಡುತ್ತಿದ್ದ ಹಳ್ಳಿ. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕಾಗಿತ್ತು. 1957ರಲ್ಲಿ ಬ್ರಿಟಿಷ್ ಸಂಸತ್ತು ಕಾನೂನು ಮಾಡಿತು. ವೇಲ್ಸ್‌ನ ಒಬ್ಬ ಸದಸ್ಯನೂ ಅದರ ಪರವಾಗಿ ಮತ ಹಾಕಲಿಲ್ಲ, ಆದರೂ 1965ರಲ್ಲಿ ಊರು ಮುಳುಗಿತು. 2005ರಲ್ಲಿ ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿತು. ಮುಳುಗಡೆಯ ನೋವು ಏನೆಂದು ಕನ್ನಡ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಬರಿಸ್ಟ್‌ವಿತ್ ಪಟ್ಟಣದ ದಕ್ಷಿಣಕ್ಕೆ, ರಸ್ತೆಯ ಬದಿಯ ಮುರುಕು ಗೋಡೆಯೊಂದರ ಮೇಲೆ ಕೆಂಪು ಹಿನ್ನೆಲೆಯಲ್ಲಿ ಬಿಳಿ ಬಣ್ಣದಲ್ಲಿ ಆ ಕಣಿವೆಯ ಹೆಸರಿದೆ: 'ಟ್ರವೆರಿನ್ ನೆನಪಿರಲಿ' ಎಂಬರ್ಥದ ಎರಡೇ ಪದಗಳು. ಮೊದಲು ಬರೆದಾಗ ಅದರಲ್ಲಿ ವ್ಯಾಕರಣದ ತಪ್ಪಿತ್ತು. ಆ ಜಾಗದಲ್ಲಿ ಟ್ರವೆರಿನ್ ಎಂಬುದು 'ಡ್ರವೆರಿನ್' ಎಂದಾಗಬೇಕು. ವೆಲ್ಷ್‌ನಲ್ಲಿ ಹಿಂದಿನ ಪದಕ್ಕೆ ತಕ್ಕಂತೆ ಮುಂದಿನ ಪದದ ಮೊದಲ ಅಕ್ಷರ ಬದಲಾಗುತ್ತದೆ. ಕಕಾರ ಗಕಾರವಾಗುತ್ತದೆ, ತಕಾರ ದಕಾರ, ಪಕಾರ ಬಕಾರ. ಹೈಸ್ಕೂಲು ವಿದ್ಯಾರ್ಥಿಗಳಿಗೆ ಏನಾದರೂ ಹೊಳೆಯಿತೇ? ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ನಮ್ಮ ಆದೇಶ ಸಂಧಿಯೇ! ಕನ್ನಡಕ್ಕೂ ವೆಲ್ಷ್‌ಗೂ ರಕ್ತಸಂಬಂಧವೇನಿಲ್ಲ. ನಾಲಿಗೆ ಸುಲಭದ ದಾರಿ ಹುಡುಕುವುದು ಎಲ್ಲ ಕಡೆಯೂ ಒಂದೇ.

ಇಲ್ಲಿಯೂ 19ನೇ ಶತಮಾನದ ಹಲವು ಶಾಲೆಗಳಲ್ಲಿ ಕೊರಳ ಹಲಗೆಯಿತ್ತು, 'ವೆಲ್ಷ್ ನಾಟ್' ಎಂದು. ವೆಲ್ಷ್ ಆಡಿದವನ ಕೊರಳಿಗೆ ಹಲಗೆ. ಇನ್ನೊಬ್ಬ ಆಡಿದರೆ ಅವನಿಗೆ ವರ್ಗ. ಸಂಜೆ ಗಂಟೆ ಹೊಡೆದಾಗ ಯಾರ ಕೊರಳಲ್ಲಿದೆಯೋ ಅವನಿಗೆ ಏಟು. ಗೆಳೆಯನ ಬಾಯಿಂದ ಮಾತು ಜಾರುವುದನ್ನು ಮಕ್ಕಳೇ ಕಾದು ಕೂರುತ್ತಿದ್ದರು. ಆದರೂ ವೆಲ್ಷ್ ಐರಿಷ್‌ನಷ್ಟು ಸೊರಗಲಿಲ್ಲ. 1588ರಷ್ಟು ಹಿಂದೆಯೇ ಬೈಬಲ್ ವೆಲ್ಷ್‌ಗೆ ಬಂದು ಭಾನುವಾರಗಳಾದರೂ ತಾಯ್ನುಡಿಯಲ್ಲಿ ಕಳೆಯುವಂತಾಗಿದ್ದು ಒಂದು ಕಾರಣ. 1939ರಲ್ಲಿ ಅಬರಿಸ್ಟ್‌ವಿತ್‌ನಲ್ಲಿ ಮೊದಲ ವೆಲ್ಷ್ ಮಾಧ್ಯಮ ಪ್ರಾಥಮಿಕ ಶಾಲೆ ಆರಂಭವಾದಾಗ ಇದ್ದದ್ದು ಏಳು ಮಕ್ಕಳು. ಆರಂಭಿಸಿದಾತ ತನ್ನ ಮಗನನ್ನೇ ಅಲ್ಲಿಗೆ ಸೇರಿಸಿದ್ದ. (ಎಲ್ಲ ಭಾಷಾಭಿಮಾನಿಗಳ ವಿಷಯದಲ್ಲಿ ಹೀಗೆ ಹೇಳಲಾಗದು.) ಈಗ ಅಂಥ ಶಾಲೆಗಳು ನೂರಾರು. 1980ರಲ್ಲಿ ವೆಲ್ಷ್ ಟಿ.ವಿ. ಚಾನೆಲ್ ಕೊಡುವ ಮಾತಿಗೆ ಸರ್ಕಾರ ತಪ್ಪಿದಾಗ ಗ್ವಿನ್ವರ್ ಇವಾನ್ಸ್ ಎಂಬ ನಾಯಕ ಆಮರಣ ಉಪವಾಸ ಮಾಡುವೆನೆಂದರು. ಸರ್ಕಾರ ಮಣಿಯಿತು, 1982ರಲ್ಲಿ ಚಾನೆಲ್ ಬಂತು. ಹಾಗೆಂದು ಗೆದ್ದಾಯಿತು ಎನ್ನುವಂತಿಲ್ಲ. 2011ರಲ್ಲಿ 5 ಲಕ್ಷದ 62 ಸಾವಿರ ಇದ್ದ ವೆಲ್ಷ್ ಬಲ್ಲವರ ಸಂಖ್ಯೆ 2021ರಲ್ಲಿ 5 ಲಕ್ಷದ 38 ಸಾವಿರಕ್ಕೆ ಇಳಿಯಿತು.

ಸ್ಕಾಟ್ಲೆಂಡಿನಲ್ಲಿ ಗೈಡುಗಳಿಗೆ ಚೌಕುಳಿ ಬಟ್ಟೆಯದೇ ಮಾತು. ಒಂದೊಂದು ಮನೆತನಕ್ಕೆ ಒಂದೊಂದು ಚೌಕುಳಿ ಎಂಬ ಕಟ್ಟುನಿಟ್ಟು ಬಹುಮಟ್ಟಿಗೆ 19ನೇ ಶತಮಾನದ ಸೃಷ್ಟಿ. ಹಳೆಯ ಕತೆ ಬೇರೆ: 1746ರಲ್ಲಿ ಕಲೋಡನ್ ಬಯಲಿನ ಯುದ್ಧದಲ್ಲಿ ಸೋತ ಗುಡ್ಡಗಾಡಿನವರಿಗೆ ಆ ಉಡುಪನ್ನೇ ನಿಷೇಧಿಸಿದ್ದರು, 1782ರವರೆಗೆ. ಪಡುವಣ ತುದಿಯ ಲೂಯಿಸ್ ದ್ವೀಪದ ಸ್ಟೋರ್ನೊವೇ ಪಟ್ಟಣಕ್ಕೆ ಎಲ್ಲ ಕೋಚುಗಳೂ ಹೋಗುವುದಿಲ್ಲ. ಗೇಲಿಕ್ ಇನ್ನೂ ಬೀದಿಯಲ್ಲಿ ಕೇಳಿಸುವ ಕೆಲವೇ ಜಾಗಗಳಲ್ಲಿ ಅದೊಂದು. 1799ರ ನಂತರ ಮೈಸೂರು ಸೀಮೆಯನ್ನು ಅಳೆದು, ಕಾವಲಿ ವೆಂಕಟ ಬೋರಯ್ಯನಂಥವರ ನೆರವಿನಿಂದ ನಮ್ಮ ಹಳ್ಳಿಗಳ ಕೈಫಿಯತ್ತು, ಶಾಸನಗಳನ್ನು ಕಲೆಹಾಕಿದ ಕಾಲಿನ್ ಮೆಕೆಂಜಿ ಹುಟ್ಟಿದ ಊರು ಅದೇ.

ಬ್ರಿಟನಿ, ಕಾರ್ನ್‌ವಾಲ್‌ಗಳಿಗೆ ಬೇರೆಯೇ ಪ್ರವಾಸ ಬೇಕು. ಮ್ಯಾನ್ ದ್ವೀಪ ಮಾತ್ರ ಬಿಡಬಾರದ್ದು. ಐರ್ಲೆಂಡಿಗೂ ಇಂಗ್ಲೆಂಡಿಗೂ ನಡುವೆ ಸಮುದ್ರದಲ್ಲಿರುವ ಪುಟ್ಟ ನಾಡು. ಮ್ಯಾಂಕ್ಸ್ ಅನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯವನು ಎನಿಸಿದ ಮೀನುಗಾರ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡ. ಅದಕ್ಕೆ ಮುಂಚೆ, 1947ರಲ್ಲಿ, ಐರ್ಲೆಂಡಿನ ಪ್ರಧಾನಿ ಡಿ ವೆಲೆರಾ ದ್ವೀಪಕ್ಕೆ ಬಂದಾಗ ಅವನನ್ನು ಕಂಡಿದ್ದರು. ಈ ಮುದುಕರ ಮಾತನ್ನು ದಾಖಲಿಸುವವರೇ ಇಲ್ಲವೆಂದು ತಿಳಿದು, ಮರುವರ್ಷ ತಮ್ಮ ದೇಶದ ಜಾನಪದ ಆಯೋಗದವರನ್ನು ಧ್ವನಿಮುದ್ರಣ ಯಂತ್ರದೊಂದಿಗೆ ಕಳುಹಿಸಿದರು. ಅಂಥ ಧ್ವನಿಮುದ್ರಣಗಳನ್ನು ಕೇಳಿ ಕೇಳಿ ಒಂದಷ್ಟು ಜನ ಭಾಷೆ ಕಲಿತರು. 2001ರಲ್ಲಿ ಮ್ಯಾಂಕ್ಸ್ ಮಾಧ್ಯಮದ ಪ್ರಾಥಮಿಕ ಶಾಲೆಯೇ ಶುರುವಾಯಿತು. 2009ರಲ್ಲಿ ಯುನೆಸ್ಕೊ ತನ್ನ ಭಾಷಾ ಭೂಪಟದಲ್ಲಿ ಮ್ಯಾಂಕ್ಸ್ ಅಳಿದುಹೋಗಿದೆ ಎಂದು ಬರೆಯಿತು. ಆ ಶಾಲೆಯ ಮಕ್ಕಳು ಯುನೆಸ್ಕೊಗೆ ಪತ್ರ ಬರೆದರು. ನಮ್ಮ ಭಾಷೆ ಸತ್ತಿದ್ದರೆ ಈ ಪತ್ರ ಯಾವ ಭಾಷೆಯಲ್ಲಿದೆ ಎಂಬುದು ಅವರ ಪ್ರಶ್ನೆ. ಪಟ್ಟಿಯನ್ನು ತಿದ್ದಲಾಯಿತು.

ಆ ಶಾಲೆ ಈಗಿರುವುದು ಸೇಂಟ್ ಜಾನ್ಸ್ ಎಂಬ ಹಳ್ಳಿಯಲ್ಲಿ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಒಂದು ಹಸಿರು ದಿಬ್ಬವಿದೆ. ಸಾಮಾನ್ಯವಾಗಿ ಜುಲೈ 5ರಂದು ದ್ವೀಪದ ಸಂಸತ್ತು ಅದರ ಮೇಲೆ ಸೇರಿ, ಆ ವರ್ಷದ ಹೊಸ ಕಾನೂನುಗಳನ್ನು ಇಂಗ್ಲಿಷಿನಲ್ಲೂ ಮ್ಯಾಂಕ್ಸ್‌ನಲ್ಲೂ ಸಾರುತ್ತದೆ. ಕೋಚುಗಳು ದಿಬ್ಬದ ಬಳಿ ನಿಲ್ಲುತ್ತವೆ. ಶಾಲೆ ಅಲ್ಲಿಂದ ಕೂಗಳತೆಯ ದೂರ.