ಕೆರೆಬದಿಯ ನಾಲ್ಕು ಸೆಂಟ್ಸ್ ಮತ್ತು ನೆರೆಯವನ ಹಕ್ಕು

ಮಳೆ ನಿಂತು ಮನೆ ಕೆಲಸ ಶುರುವಾಗುವ ಹೊತ್ತಿಗೆ ನಮ್ಮ ಮೊಹಲ್ಲಾಗಳಲ್ಲಿ ಒಂದು ಜಗಳವೂ ಶುರುವಾಗುತ್ತದೆ. ಕೆರೆಯ ಬದಿಯಲ್ಲೋ ತೋಡಿನ ಪಕ್ಕದಲ್ಲೋ ಯಾರೋ ನಾಲ್ಕು ಸೆಂಟ್ಸ್ ಜಾಗ ಕೊಂಡು ಪಂಚಾಂಗ ಹಾಕುತ್ತಾರೆ. "ನಮ್ಮ ಬಾವಿ ಹಾಳಾಗ್ತದೆ, ಮಳೆಗಾಲದಲ್ಲಿ ನೀರು ನಮ್ಮ ಅಂಗಳಕ್ಕೆ ನುಗ್ತದೆ" ಎಂದು ಅಕ್ಕಪಕ್ಕದವರು ತಡೆಯುತ್ತಾರೆ. ಮಾತು ಪಂಚಾಯತ್‌ಗೆ ಹೋಗುತ್ತದೆ, ಅಲ್ಲಿಂದ ಮಸೀದಿಯ ಅಂಗಳಕ್ಕೆ ಬರುತ್ತದೆ. ಕೊನೆಗೆ ಇಬ್ಬರ ನಡುವೆ ಸಲಾಮ್ ಕೂಡ ನಿಂತುಹೋಗುತ್ತದೆ.

ಮನೆ ಕಟ್ಟುವವನನ್ನು ದೂರುವುದು ಸುಲಭ. ಆದರೆ ಅವನೇನು ಮಾಡೋದು? ಹಿರಿಯರ ಮನೆ ಪಾಲಾಗಿದೆ, ಅಣ್ಣತಮ್ಮಂದಿರ ಮಕ್ಕಳು ಬೆಳೆದಿದ್ದಾರೆ. ಗಲ್ಫ್‌ನಲ್ಲಿ ಹತ್ತಿಪ್ಪತ್ತು ವರ್ಷ ದುಡಿದು ಉಳಿಸಿದ ಹಣಕ್ಕೆ ರಸ್ತೆ ಬದಿಯ ಜಾಗ ಸಿಗೋದಿಲ್ಲ. ಕೈಗೆಟಕುವುದು ತಗ್ಗಿನ ಬೈಲು ಜಾಗ ಮಾತ್ರ. ಅಲ್ಲಿಗೆ ನಾಲ್ಕು ಲೋಡ್ ಕೆಂಪು ಮಣ್ಣು ಸುರಿದರೆ ನಿವೇಶನ ತಯಾರು. ಅವನ ಕಷ್ಟ ನಿಜ. ಹಾಗೆಯೇ ನೆರೆಯವನ ಭಯವೂ ನಿಜ.

ಲೆಕ್ಕ ಹಾಕಿ ನೋಡೋಣ. ಒಂದು ಸೆಂಟ್ ಎಂದರೆ ಸುಮಾರು 435 ಚದರಡಿ. ನಾಲ್ಕು ಸೆಂಟ್ಸ್ ಚೌಕದ ಒಂದು ಬದಿ 42 ಅಡಿಯಷ್ಟೇ. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ ಕನಿಷ್ಠ 18 ಮೀಟರ್, ಅಂದರೆ 59 ಅಡಿ ಅಂತರ ಬೇಕೆನ್ನುತ್ತದೆ ಭಾರತೀಯ ಮಾನಕ. ನಾಲ್ಕು ಸೆಂಟ್ಸ್‌ನಲ್ಲಿ ಈ ಮೂಲೆಯಿಂದ ಆ ಮೂಲೆಗೆ ಅಳೆದರೆ ಅಷ್ಟೇ ಆಗುವುದು. ಹಾಗಾಗಿ ನಮ್ಮ ಗುಂಡಿ ನಮ್ಮ ಬಾವಿಯಿಂದ ದೂರ ಹೋದಷ್ಟೂ ನೆರೆಯವನ ಬಾವಿಗೆ ಹತ್ತಿರವಾಗುತ್ತದೆ. ನಮ್ಮದು ಮುರಕಲ್ಲಿನ ನೆಲ, ತೂತು ತೂತು. ಆಟಿಯ ಮಳೆಗೆ ಗುಂಡಿಯ ನೀರು ಬಾವಿಗೂ ಕೆರೆಗೂ ಬೇಗ ತಲುಪುತ್ತದೆ. ನೋಡಲು ತಿಳಿಯಾಗಿದ್ದರೂ ಆ ನೀರನ್ನೇ ಮಕ್ಕಳು ಕುಡಿಯಬೇಕು, ಅದರಲ್ಲೇ ವುಝೂ ಮಾಡಬೇಕು.

ನಮ್ಮ ಶಾಫಿಈ ಕರ್ಮಶಾಸ್ತ್ರದ ಕಿತಾಬುಗಳಲ್ಲಿ, ಪಾಳುಭೂಮಿಯನ್ನು ಹಸನು ಮಾಡುವ ಅಧ್ಯಾಯದಲ್ಲಿ 'ಹರೀಮ್' ಎಂಬ ವಿಷಯ ಬರುತ್ತದೆ. ಬಾವಿ, ನದಿಗಳ ಸುತ್ತ, ನೀರಿಗೆ ಬರುವವರು ನಿಲ್ಲಲು, ಹೂಳೆತ್ತಿದ ಮಣ್ಣು ಹಾಕಲು ಬೇಕಾದಷ್ಟು ಜಾಗವನ್ನು ಬೇರೆಯವರು ಹಸನು ಮಾಡಿ ತಮ್ಮ ಸ್ವತ್ತಾಗಿಸಿಕೊಳ್ಳುವಂತಿಲ್ಲ. ನದಿಯ ಹರೀಮ್‌ನಲ್ಲಿ ಕಟ್ಟಿದ್ದು ಮಸೀದಿಯೇ ಆದರೂ ಕೆಡವಬೇಕೆಂದು ನಮ್ಮ ಉಲಮಾಗಳು ಬರೆದಿದ್ದಾರೆ. ಮಸೀದಿಗೇ ಇಲ್ಲದ ರಿಯಾಯಿತಿ ನಮ್ಮ ಕಾರ್ ಶೆಡ್ಡಿಗೆ, ಕಾಂಪೌಂಡಿಗೆ ಎಲ್ಲಿಂದ ಬರಬೇಕು?

ಇಂದಿನ ಸರಕಾರಿ ಭಾಷೆಯಲ್ಲಿ ಇದನ್ನೇ ಬಫರ್ ವಲಯ ಎನ್ನುತ್ತಾರೆ. ಬೆಂಗಳೂರಿನ ಕೆರೆಗಳಿಗೆ ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಎಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದರಿಂದ ಮಹಾಯೋಜನೆಯ 30 ಮೀಟರ್ ಉಳಿಯಿತು. ಕೆರೆಯ ಜಾಗ ಒತ್ತುವರಿ ಮಾಡುವುದನ್ನು, ಕೆರೆಗೆ ಕೊಳಚೆ ಬಿಡುವುದನ್ನು 2014ರ ರಾಜ್ಯ ಕೆರೆ ಕಾಯ್ದೆಯೇ ನಿಷೇಧಿಸಿದೆ. ಭರತ ಇಳಿತ ಇರುವ ನದಿ, ಅಳಿವೆಗಳ ದಡಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮವೂ ಇದೆ. ಮಂಗಳೂರಿನ ಗುಜ್ಜರಕೆರೆಗೆ ಒಳಚರಂಡಿ ನೀರು ಸೇರುತ್ತಿದೆ ಎಂಬ ದೂರು ಎಷ್ಟು ವರ್ಷ ಕೇಳಿಬಂತು, ಸರಿಪಡಿಸಲು ಎಷ್ಟು ಖರ್ಚಾಯಿತು ಎಂಬುದು ನಮ್ಮ ಕಣ್ಣೆದುರೇ ಇದೆ.

ಅದಕ್ಕೇ ಜಾಗ ಕೊಳ್ಳುವ ಮೊದಲು ಕೇಳಬೇಕು. ಅಡ್ವಾನ್ಸ್ ಕೊಟ್ಟ ಮೇಲಲ್ಲ. ಪಹಣಿ, ಸರ್ವೇ ನಕ್ಷೆ, 11ಇ, ಪರಿವರ್ತನೆ ಆದೇಶ ಎಲ್ಲವನ್ನೂ ನೋಡಿ. ಬ್ರೋಕರ್ ತೋರಿಸುವ ಜಾಗದಲ್ಲಿ ಪಟ್ಟಾ ಎಷ್ಟು, ಕುಮ್ಕಿ ಎಷ್ಟು ಎಂದು ಅಳೆಸಿ. ಕುಮ್ಕಿ ಸರಕಾರದ ಜಾಗ, ಅದರಲ್ಲಿ ವರ್ಗದಾರನಿಗಿರುವುದು ಸವಲತ್ತು ಮಾತ್ರ. ಮಾರುವ ಹಕ್ಕು ಅವನಿಗಿಲ್ಲ. ಕೆರೆಯಿಂದ ಎಷ್ಟು ಅಂತರ ಬಿಡಬೇಕೆಂದು ಪಂಚಾಯತ್ ಅಥವಾ ನಗರಾಭಿವೃದ್ಧಿ ಪ್ರಾಧಿಕಾರದಿಂದ ಬರಹದಲ್ಲೇ ಪಡೆಯಿರಿ. ಅನ್ಯಾಯವಾಗಿ ಪಡೆದ ಗೇಣು ಭೂಮಿಗೂ ನಾಳೆ ಕುತ್ತಿಗೆಗೆ ಏಳು ಭೂಮಿಯ ಭಾರ ಬೀಳುತ್ತದೆಂಬ ಎಚ್ಚರಿಕೆಯನ್ನು ನಾವು ಮದ್ರಸದ ಮಕ್ಕಳಿಗೆ ಕಲಿಸುತ್ತೇವೆ. ದೊಡ್ಡವರು ಅದನ್ನು ಮರೆತರೆ ಹೇಗೆ?

ತಡೆಯುವವರಿಗೂ ಒಂದು ಮಾತು. ನಿಮ್ಮ ಮನೆಯ ಗುಂಡಿ ಎಲ್ಲಿದೆ? ನಿಮ್ಮ ಕಾಂಪೌಂಡ್ ತೋಡನ್ನು ಎಷ್ಟು ಕಿರಿದು ಮಾಡಿದೆ? ಮೊದಲು ಕಟ್ಟಿದವನಿಗೆ ಕೆರೆ, ಕೊನೆಗೆ ಬಂದವನಿಗೆ ಕಾನೂನು ಎಂಬುದು ನ್ಯಾಯವಲ್ಲ. ಶ್ರೀಮಂತನ ಎರಡು ಮಾಳಿಗೆಗೆ ಬಾಯಿ ಮುಚ್ಚಿ, ಬಡವನ ಶೀಟಿನ ಮನೆಗೆ ಅರ್ಜಿ ಹಾಕುವುದು ಅದಕ್ಕಿಂತಲೂ ಕೆಟ್ಟದ್ದು.

ಜಮಾಅತ್ ಕಮಿಟಿಗಳು ಇಲ್ಲಿ ಕೆಲಸ ಮಾಡಬಹುದು. ಕಲ್ಯಾಣ ಮಂಟಪ, ಮಿನಾರಕ್ಕೆ ಹಣ ಕೂಡಿಸುವ ನಾವು, ಐದಾರು ಮನೆಗಳಿಗೆ ಸೇರಿ ನೀರು ಸೋರದ ಒಂದು ಗುಂಡಿ ಕಟ್ಟಿಸಲು, ಅದನ್ನು ವರ್ಷವರ್ಷ ಖಾಲಿ ಮಾಡಿಸಲು ಸಹಾಯ ಮಾಡಬಾರದೇ? ಮಳೆಗಾಲಕ್ಕೆ ಮೊದಲು ಯುವಕರು ತೋಡಿನ ಹೂಳು ತೆಗೆಯಬಾರದೇ? ಕೆರೆಯ ಆ ದಡದ ತುಳು ಮಾತಾಡುವ ನೆರೆಯವರನ್ನೂ ಜೊತೆಗೆ ಕರೆಯೋಣ. ನೀರು ಅವರಿಗೂ ಅದೇ.

ನೆರೆಯವನು ನಮ್ಮ ಕಾಟದಿಂದ ನಿರ್ಭಯನಾಗಿಲ್ಲದಿದ್ದರೆ ನಮ್ಮ ಈಮಾನ್ ಪೂರ್ತಿಯಾಗಿಲ್ಲ. ಗೃಹಪ್ರವೇಶಕ್ಕೆ ಮೌಲಿದ್ ಓದಿಸುವ ಮೊದಲು, ಪಕ್ಕದ ಮನೆಯವನು ಮನಸ್ಸಿನಿಂದ ಬರುತ್ತಾನೆಯೇ ಎಂದು ಯೋಚಿಸೋಣ. ಅಲ್ಲಾಹನು ನಮ್ಮೆಲ್ಲರ ಮನೆಗಳಲ್ಲಿ ಬರಕತ್ ನೀಡಲಿ, ಆಮೀನ್.